"ಪಡೆಯಬಹುದು" ಅಂತ ಅಚ್ಚು ಹಾಕಿದ್ದು ನಾನೇ. ಅಲ್ಗಾರಿದಮ್ ಕಾನೂನು ಕನ್ನಡಕ್ಕೆ ಬರುವಾಗ ಎಲ್ಲಿ ಜಾರುತ್ತದೆ?

ದುರ್ಗಿಗುಡಿ ಡಿಟಿಪಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾಗದ, ಪಹಣಿ ಅರ್ಜಿ, ಬಾಡಿಗೆ ಕರಾರು, ಇಂಥದ್ದೇ ಕೆಲಸ. ಮಳೆ ಜೋರಾದರೆ ಊಟ ತಲುಪಿಸುವ ಹುಡುಗರು ನಮ್ಮ ಅಂಗಡಿ ಮುಂದಿನ ಶೀಟಿನ ಕೆಳಗೆ ಬಂದು ನಿಲ್ಲುತ್ತಾರೆ. ಫೋನ್ ಚಾರ್ಜಿಗೆ ಹಾಕುತ್ತಾರೆ. ಹಾಗೇ ಪರಿಚಯ.

ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕೆಲಸಗಾರರಿಗೆ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ, ಗೊತ್ತಲ್ಲ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧಿನಿಯಮ. ಸೆಸ್ಸಿನ ಸುದ್ದಿ ಪೇಪರಿನಲ್ಲಿ ಬಂತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಪಾವತಿ ಮೇಲೆ ಕಂಪನಿ ಅವರ ಕಲ್ಯಾಣಕ್ಕೆ ಕಟ್ಟಬೇಕಾದ 1ರಿಂದ 5 ಪರ್ಸೆಂಟ್. ಆದರೆ ಹುಡುಗರಿಗೆ ಬೇಕಾಗಿದ್ದು ಅದಲ್ಲ. ಯಾರಿಗೆ ಯಾವ ಆರ್ಡರ್ ಹೋಗಬೇಕು, ಯಾರ ರೇಟಿಂಗ್ ಇಳಿಯಬೇಕು, ಯಾರ ಐಡಿ ಬ್ಲಾಕ್ ಆಗಬೇಕು ಅಂತ ಆ್ಯಪಿನ ಲೆಕ್ಕಾಚಾರ, ಅಂದರೆ ಅಲ್ಗಾರಿದಮ್, ತಾನೇ ತೀರ್ಮಾನ ಮಾಡುತ್ತದಲ್ಲ, ಅದರ ಬಗ್ಗೆಯೂ ಕಾನೂನಿನಲ್ಲಿ ಒಂದು ಭಾಗ ಇದೆ. ಅದನ್ನು ಒಂದು ಪುಟದ ಕರಪತ್ರ ಮಾಡಿಕೊಡಿ ಅಂದರು. ದುಡ್ಡು ಬೇಡ ಅಂದೆ. ಫೋನಿನಲ್ಲಿ ಇಂಗ್ಲಿಷ್ ಹಾಕಿ ಕನ್ನಡ ತೆಗೆದೆ, ಕೂತು ತಿದ್ದಿದೆ, 150 ಪ್ರತಿ ಹೊಡೆದೆ.

ಎರಡು ವಾರದ ಮೇಲೆ ಒಬ್ಬ ಹುಡುಗ ಬಂದ. ಐಡಿ ಬ್ಲಾಕ್ ಆಗಿತ್ತು. ಕಾರಣ ಇಲ್ಲ, ಕಾಲ್ ಇಲ್ಲ. "ಕರಪತ್ರದಲ್ಲಿ ಇತ್ತಲ್ಲಪ್ಪಾ, ಕಾರಣ ಕೇಳ್ಬೇಕಿತ್ತು" ಅಂದೆ. ಅವನು ಜೇಬಿನಿಂದ ಕರಪತ್ರ ತೆಗೆದ. ಮಳೆಗೆ ನೆನೆದು ನಾಲ್ಕು ಮಡಿಕೆಯಲ್ಲೂ ಹರಿದಿತ್ತು. ಬೆರಳಿಟ್ಟು ತೋರಿಸಿದ. "ಅಣ್ಣಾ, ಇಲ್ಲಿ ಕಾರಣ ಪಡೆಯಬಹುದು ಅಂತ ಇದೆ. ಅಂದ್ರೆ ಸಿಕ್ರೆ ಸಿಗಬಹುದು ಅಂತ ಅಲ್ವಾ? ಸಿಗ್ಲಿಲ್ಲ, ಸುಮ್ನಾದೆ."

ನಾನು ಅಚ್ಚು ಹಾಕಿದ ಸಾಲು ಇದು:

"ಕೆಲಸಗಾರರು ಅಲ್ಗಾರಿದಮ್ ಬಗ್ಗೆ ಮಾಹಿತಿ ಕೇಳಬಹುದು ಮತ್ತು ಕೆಲಸದಿಂದ ತೆಗೆಯುವಾಗ 14 ದಿನ ಮೊದಲು ಬರಹದಲ್ಲಿ ಕಾರಣ ಪಡೆಯಬಹುದು."

ಇಂಗ್ಲಿಷಿನಲ್ಲಿ ಹಾಗಿಲ್ಲ. 14 ದಿನ ಮೊದಲು ನೋಟಿಸ್ ಕೊಡದೆ, ಸರಿಯಾದ ಕಾರಣ ಬರೆದು ಕೊಡದೆ ಕಂಪನಿ ತೆಗೆಯಲೇ ಕೂಡದು ಅಂತ ಇದೆ. ಫೋನು ಅದನ್ನು ಸರಿಯಾಗಿಯೇ ಕೊಟ್ಟಿತ್ತು. ಸಾಲು ಎರಡನೇ ಪುಟಕ್ಕೆ ಹೋಗುತ್ತದೆ ಅಂತ ನಾನೇ ಎರಡು ವಾಕ್ಯ ಸೇರಿಸಿ ಒಂದು ಮಾಡಿದೆ. ಮೊದಲನೇ ವಾಕ್ಯದ ಬಾಲ "ಬಹುದು". ಅದೇ ಬಾಲವನ್ನು ಎರಡನೆಯದಕ್ಕೂ ಅಂಟಿಸಿದೆ. ಓದಲು ಚೆನ್ನಾಗಿತ್ತು. ಅದೇ ಎಡವಟ್ಟಾಗಿದ್ದು.

ಈಗ ಹೊಸದಾಗಿ ಮಾಡಬೇಕು. ತಿಳಿದವರು ಹೇಳಿ, ಇಂಥ ಕಾನೂನು ಕನ್ನಡ ಮಾಡುವಾಗ ಇನ್ನೂ ಎಲ್ಲೆಲ್ಲಿ ಹಳ್ಳ ಇದೆ?

ಸಾಗರದ ಕರಿಕೋಟು

ತಪ್ಪನ್ನು ಒಪ್ಪಿಕೊಂಡು ಬರೆದಿದ್ದೀರಲ್ಲ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಕಾನೂನಿನ ಕನ್ನಡ ನೋಡಿ ಜನ ನಗುತ್ತಾರೆ. "ಸಲ್ಲಿಸತಕ್ಕದ್ದು", "ಒದಗಿಸತಕ್ಕದ್ದು". ಆಡುಮಾತಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ನಿಜ. ಆದರೆ ಆ "ತಕ್ಕದ್ದು" ಸುಮ್ಮನೆ ಕೂತಿಲ್ಲ. ಮಾಡಲೇಬೇಕು, ಬೇರೆ ದಾರಿ ಇಲ್ಲ ಅಂತ ಅರ್ಥ. "ಬಹುದು" ಅಂದರೆ ಅಧಿಕಾರ ಇದೆ, ಬೇಕಾದರೆ ಬಳಸಿಕೋ ಅಂತ. "ತಕ್ಕದ್ದಲ್ಲ" ಅಂದರೆ ಕೂಡದು. ಮೂರು ಬಾಲ, ಮೂರು ಬೇರೆ ಬೇರೆ ಕಾನೂನು. ಇಂಗ್ಲಿಷಿನಲ್ಲಿ ಅದು ವಾಕ್ಯದ ಮುಂದೆಯೇ ಬಂದುಬಿಡುತ್ತದೆ. ನಮ್ಮಲ್ಲಿ ನಾಲ್ಕು ಸಾಲು ದಾಟಿ ಕೊನೆಯ ಪದದಲ್ಲಿ ಇರುತ್ತದೆ. ಅಲ್ಲಿಗೆ ಹೋಗುವಷ್ಟರಲ್ಲಿ ಅನುವಾದಕನಿಗೂ ಸುಸ್ತು, ಓದುವವನಿಗೂ ಸುಸ್ತು.

"ಬಹುದು"ವಿಗೆ ಇನ್ನೊಂದು ರೋಗ ಇದೆ. "ಇವತ್ತು ಮಳೆ ಬರಬಹುದು" ಅನ್ನುವುದೂ ಬಹುದು, "ನೀನಿನ್ನು ಹೋಗಬಹುದು" ಅನ್ನುವುದೂ ಬಹುದು. ನಿಮ್ಮ ಹುಡುಗ ಮಳೆಯ ಬಹುದು ಓದಿಕೊಂಡ. ಅವನ ತಪ್ಪಲ್ಲ.

ಕರಪತ್ರದ ಕನ್ನಡಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರಿ ಗೆಜೆಟ್‌ನಲ್ಲಿ, ಬಂದ ಪಠ್ಯಕ್ಕೇ ಬೆಲೆ. ಸಂವಿಧಾನದ 348ನೇ ವಿಧಿ ನೋಡಿ. ರಾಜ್ಯ ತನ್ನ ಭಾಷೆಯಲ್ಲಿ ಕಾನೂನು ಮಾಡಿದರೂ, ರಾಜ್ಯಪಾಲರ ಅಧಿಕಾರದ ಮೇರೆಗೆ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನು ಅಧಿಕೃತ ಇಂಗ್ಲಿಷ್ ಪಠ್ಯ ಅಂತ ಹಿಡಿಯುತ್ತಾರೆ. ಕೇಂದ್ರದ ಕಾನೂನಿಗೆ 1973ರ ಒಂದು ಕಾಯಿದೆ ಇದೆ. ರಾಷ್ಟ್ರಪತಿಗಳ ಅಧಿಕಾರದಲ್ಲಿ ಪ್ರಕಟವಾದ ಕನ್ನಡ ಅನುವಾದ ಕನ್ನಡದ ಮಟ್ಟಿಗೆ ಅಧಿಕೃತವೇ. ಹಾಗಾಗಿ ಅನುವಾದ ಅಂದರೆ ಜೊತೆಗಿಡುವ ನಕಲು ಅಂತ ತಿಳಿಯಬೇಡಿ. ಕೆಲವು ಸಲ ಅದೇ ಕಾನೂನು.

ಇನ್ನೊಂದು ಸಣ್ಣ ಮಾತು. ಕರಪತ್ರದಲ್ಲಿ "ಪ್ರಕರಣ" ಅನ್ನುವ ಪದ ಬೇಡ. ಕಾನೂನಿನ ಕನ್ನಡದಲ್ಲಿ ಅದು ಸೆಕ್ಷನ್. ಜನರ ಕನ್ನಡದಲ್ಲಿ ಅದು ಕೇಸು. "ಪ್ರಕರಣ 12ರ ಮೇರೆಗೆ" ಅಂತ ನೋಟಿಸು ನೋಡಿ ನನ್ನ ಕಕ್ಷಿದಾರರೊಬ್ಬರು ತನ್ನ ಮೇಲೆ ಹನ್ನೆರಡು ಕೇಸು ಬಿದ್ದಿದೆ ಅಂತ ರಾತ್ರಿಯೆಲ್ಲ ನಿದ್ದೆ ಬಿಟ್ಟಿದ್ದರು.

ಗೊರಬಲು (ತೀರ್ಥಹಳ್ಳಿ)

ನಾನು ಅಡಿಕೆ ಬೆಳೆಗಾರ. ನನ್ನದು ಕಾನೂನಲ್ಲ, ಮಾರ್ಕೆಟ್ ರೇಟು.

ಹಿಂದಿನ ವರ್ಷ ಮಗ ಒಂದು ಆ್ಯಪ್ ಹಾಕಿಕೊಟ್ಟ. ದಿನದ ಅಡಿಕೆ ಧಾರಣೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರುತ್ತದೆ ಅಂದ. ಇಂಗ್ಲಿಷ್ ತೆಗೆದು ನೋಡಿದರೆ "ರಾಶಿ" ಇರುವ ಕಡೆ ಗುಡ್ಡೆ ಅನ್ನೋ ಅರ್ಥದ ಪದ. "ಸರಕು" ಇರುವ ಕಡೆ ಗೂಡ್ಸ್. ಮಾರಾಯ್ರೆ, ರಾಶಿ, ಸರಕು, ಗೊರಬಲು ಎಲ್ಲ ಅಡಿಕೆಯ ದರ್ಜೆಗಳು. ಸರಕು ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಗೂಡ್ಸ್ ಅಂದರೆ ಲಾರಿಗೆ ತುಂಬೋ ಎಲ್ಲವೂ ಗೂಡ್ಸೇ. ನನ್ನ ಹೆಸರು ಗೊರಬಲು, ಅದನ್ನು ಏನಂತ ಮಾಡುತ್ತಿದ್ದರೋ, ಅದೊಂದನ್ನು ಮುಟ್ಟದೆ ಬಿಟ್ಟಿದ್ದರು. ರಾಶಿಯನ್ನು ಮೇಷ ವೃಷಭ ಮಾಡಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಹೇಳಿದ್ದು ಯಾಕೆ ಅಂದರೆ, ಪದ ಗೊತ್ತಿದ್ದರೆ ಸಾಲದು. ಆ ಪದ ಯಾವ ಅಂಗಳದಲ್ಲಿ ಒಣಗಿದ್ದು ಅಂತಲೂ ಗೊತ್ತಿರಬೇಕು.

ಒಂದು ಡೌಟು. ಫೇಸ್‌ಬುಕ್, ಯೂಟ್ಯೂಬ್ ಕಂಪನಿಗಳಿಗೆ ಕಾನೂನಿನಲ್ಲಿ "ಮಧ್ಯವರ್ತಿ" ಅಂತಾರಂತೆ ಹೌದಾ? ನಮ್ಮ ಕಡೆ ಮಧ್ಯವರ್ತಿ ಅಂದರೆ ಬೈಗುಳ. "ಮಧ್ಯವರ್ತಿಗಳ ಹಾವಳಿ" ಅಂತಲೇ ಪೇಪರಿನಲ್ಲಿ ಬರೋದು.

ಸಾಗರದ ಕರಿಕೋಟು

ಹೌದು ರಾಯರೇ, ಐಟಿ ಕಾಯಿದೆಯಲ್ಲಿ ಹಾಗೇ. 2021ರ ನಿಯಮಗಳಲ್ಲಿ 50 ಲಕ್ಷಕ್ಕಿಂತ ಜಾಸ್ತಿ ನೋಂದಾಯಿತ ಬಳಕೆದಾರರಿರುವ ಸೋಶಿಯಲ್ ಮೀಡಿಯಾ ಕಂಪನಿಗಳಿಗೆ "ಮಹತ್ವದ" ಮಧ್ಯವರ್ತಿ ಅಂತ ಬೇರೆ ಪಟ್ಟ. ನಿಮ್ಮ ಮಂಡಿಯವರು ಕೇಳಿದರೆ ಹೊಟ್ಟೆಕಿಚ್ಚು ಪಟ್ಟಾರು.

ತುಂಗೆಯಿಂದ ಡಬ್ಲಿನ್

ನಾನು ತೀರ್ಥಹಳ್ಳಿಯವನು, ಐರ್ಲೆಂಡಿನಲ್ಲಿ ಕೆಲಸ. ಆನ್‌ಲೈನ್ ಕಂಪನಿಗಳಿಗೆ ಮೂಗುದಾರ ಹಾಕುವ ಯುರೋಪಿನ ಕಾನೂನು ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ದಿನಾ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿದ್ದೇನೆ. 2022ರದ್ದು, 2024ರ ಫೆಬ್ರವರಿ 17ರಿಂದ ಪೂರ್ತಿ ಜಾರಿಗೆ ಬಂತು. ತಪ್ಪಿದರೆ ಕಂಪನಿಯ ಜಾಗತಿಕ ವಾರ್ಷಿಕ ವಹಿವಾಟಿನ 6 ಪರ್ಸೆಂಟ್ ತನಕ ದಂಡ. ಇಷ್ಟು ದೊಡ್ಡ ಕಾನೂನು 24 ಭಾಷೆಯಲ್ಲಿದೆ. ಇಪ್ಪತ್ನಾಲ್ಕೂ ಮೂಲವೇ. ಇಂಗ್ಲಿಷ್ ಮೇಲು, ಉಳಿದದ್ದು ಅನುವಾದ ಅಂತ ಇಲ್ಲ.

ಅದನ್ನು ನಮ್ಮ ಊರಿನ ಗೆಳೆಯರಿಗೋಸ್ಕರ ಕನ್ನಡ ಮಾಡೋಣ ಅಂತ ಒಂದು ಸಲ ಕೂತಿದ್ದೆ. 27ನೇ ವಿಧಿಯಲ್ಲೇ ಮುಗ್ಗರಿಸಿದೆ. ನಿಮಗೆ ಯಾವ ವಿಡಿಯೋ, ಯಾವ ಪೋಸ್ಟ್ ಮೊದಲು ತೋರಿಸಬೇಕು ಅಂತ ಆರಿಸುವ ವ್ಯವಸ್ಥೆಯ ಬಗ್ಗೆ ಆ ವಿಧಿ. ಅದರ "ಮುಖ್ಯ ಪ್ಯಾರಾಮೀಟರ್‌ಗಳನ್ನು" ಕಂಪನಿ ತನ್ನ ಷರತ್ತುಗಳಲ್ಲಿ ಸರಳ ಭಾಷೆಯಲ್ಲಿ ಹೇಳಬೇಕು. ಪ್ಯಾರಾಮೀಟರಿಗೆ "ಮಾನದಂಡ" ಅಂತ ಬರೆದೆ. ಚೆನ್ನಾಗಿ ಕೂತಿತು. ಮುಂದಿನ ಉಪವಿಧಿ ಓದಿದರೆ, ಆ ಪ್ಯಾರಾಮೀಟರ್‌ಗಳಲ್ಲಿ ಕನಿಷ್ಠ ಪಕ್ಷ ಅತಿ ಮುಖ್ಯವಾದ "ಕ್ರೈಟೀರಿಯಾ" ಇರಬೇಕು ಅಂತ ಇದೆ. ಕ್ರೈಟೀರಿಯಾಕ್ಕೂ ಕನ್ನಡದಲ್ಲಿ ಮಾನದಂಡವೇ ಅಲ್ವಾ! "ಮಾನದಂಡಗಳು ಮಾನದಂಡಗಳನ್ನು ಒಳಗೊಂಡಿರತಕ್ಕದ್ದು" ಅಂತಾಯಿತು. ಕಂಪನಿಯವರು ಇದನ್ನು ಓದಿದರೆ ಖುಷಿಯಾಗಿ ಎರಡನೇ ಸಾಲನ್ನು ಮರೆತೇ ಬಿಡುತ್ತಾರೆ. ಆ ಸಾಲಿನ ಜೊತೆಗೇ ಇನ್ನೊಂದಿದೆ. ಒಂದಕ್ಕಿಂತ ಇನ್ನೊಂದಕ್ಕೆ ಯಾಕೆ ಹೆಚ್ಚು ತೂಕ ಅಂತಲೂ ಹೇಳಬೇಕು. ನಿಜವಾದ ಹಲ್ಲು ಇರುವುದು ಅಲ್ಲಿ.

ವಾರಗಟ್ಟಲೆ ತಲೆ ಕೆರೆದುಕೊಂಡು ಕೊನೆಗೆ ಪ್ಯಾರಾಮೀಟರಿಗೆ "ಲೆಕ್ಕಕ್ಕೆ ಹಿಡಿಯುವ ಅಂಶ" ಅಂತ ಇಟ್ಟೆ. ಉದ್ದವಾಯಿತು. ಆದರೆ ಮಾನದಂಡಕ್ಕೆ ಡಿಕ್ಕಿ ಹೊಡೆಯುವುದಿಲ್ಲ.

ನವುಲೆ ಹಾಸ್ಟೆಲ್

ಅಣ್ಣ, ಆ ಕಾನೂನಿನಲ್ಲಿ ಪ್ರೊಫೈಲ್ ಇಲ್ಲದೆ ನೋಡೋ ಆಯ್ಕೆ ಕೊಡಬೇಕು ಅಂತ ಇದೆಯಂತಲ್ಲ. ಅಂದರೆ ಲಾಗಿನ್ ಆಗದೇ ರೀಲ್ಸ್ ನೋಡಬಹುದಾ? ಒಂದು ಕನ್ನಡ ವಿಡಿಯೋದಲ್ಲಿ ಹಾಗೇ ಹೇಳಿದರು.

ತುಂಗೆಯಿಂದ ಡಬ್ಲಿನ್

ನೋಡಿ, ಇದೇ ಇದೇ! ಅದು 38ನೇ ವಿಧಿ ತಮ್ಮಾ. ಯುರೋಪಿನಲ್ಲಿ ತಿಂಗಳಿಗೆ ನಾಲ್ಕೂವರೆ ಕೋಟಿ ಬಳಕೆದಾರರಿರುವ ದೊಡ್ಡ ಕಂಪನಿಗಳಿಗೆ ಅನ್ವಯ. ಅಲ್ಲಿರುವುದು ಪ್ರೊಫೈಲ್ ಅಲ್ಲ, ಪ್ರೊಫೈಲಿಂಗ್. ಕೊನೆಯ ಒಂದು "ಇಂಗ್"ನಲ್ಲಿ ಅರ್ಥ ಊರು ಬಿಟ್ಟು ಹೋಯಿತು. ನಮಗೆ ಪ್ರೊಫೈಲ್ ಅಂದರೆ ಡಿಪಿ, ಹೆಸರು, ಬಯೋ. ಕಾನೂನಿನಲ್ಲಿ ಪ್ರೊಫೈಲಿಂಗ್ ಅಂದರೆ ಯಂತ್ರ ನಿನ್ನ ಡೇಟಾ ಅಗೆದು ನೀನು ಎಂಥವನು, ನಿನಗೆ ಏನಿಷ್ಟ, ಆರೋಗ್ಯ ಹೇಗಿದೆ, ದುಡ್ಡಿನ ಸ್ಥಿತಿ ಹೇಗಿದೆ, ಎಲ್ಲೆಲ್ಲಿ ಓಡಾಡುತ್ತೀಯ ಅಂತ ಅಂದಾಜು ಕಟ್ಟುವುದು. ಮುಂದೆ ಏನು ಮಾಡುತ್ತೀಯ ಅಂತಲೂ ಊಹಿಸುವುದು. ಹಾಗೆ ಅಂದಾಜು ಕಟ್ಟದೆ ತೋರಿಸುವ ಒಂದು ಆಯ್ಕೆಯಾದರೂ ಇರಬೇಕು ಅಂತ ಕಾನೂನು. ಲಾಗಿನ್‌ಗೂ ಅದಕ್ಕೂ ಸಂಬಂಧವಿಲ್ಲ.

ಗೊರಬಲು

ಎಂಥವನು, ಆರೋಗ್ಯ ಹೇಗೆ, ದುಡ್ಡು ಹೇಗೆ, ಮುಂದೆ ಏನು ಮಾಡ್ತಾನೆ... ಇದು ಜಾತಕ ಅಲ್ವೇನ್ರೀ?

ತುಂಗೆಯಿಂದ ಡಬ್ಲಿನ್

ನಗು ತಡೆಯಲು ಆಗಲಿಲ್ಲ. ಆದರೆ ಯೋಚನೆ ಮಾಡಿದರೆ "ಜಾತಕ ಬರೆಯುವುದು" ಅನ್ನುವಷ್ಟು ಹತ್ತಿರದ ಮಾತು ಬೇರೆ ಸಿಗುವುದಿಲ್ಲ. "ನನ್ನ ಜಾತಕ ಬರೆಯದೆ ತೋರಿಸು" ಅಂದರೆ ನಮ್ಮ ಅಜ್ಜಿಗೂ ಅರ್ಥವಾಗುತ್ತದೆ.

ಸಾಗರದ ಕರಿಕೋಟು

ಮಾತಾಡುವಾಗ ಸರಿ. ಬರೆಯುವಾಗ ಬೇಡ. ಜಾತಕ ಅಂತ ಅಚ್ಚು ಹಾಕಿದರೆ ಜ್ಯೋತಿಷ್ಯದ ಆ್ಯಪ್ ನಿಷೇಧ ಮಾಡಿದ್ದಾರೆ ಅಂತ ಸುದ್ದಿ ಹಬ್ಬುತ್ತದೆ, ಬರೆದಿಟ್ಟುಕೊಳ್ಳಿ.

ಹೆಸರು ಬೇಡ

ಇಷ್ಟೆಲ್ಲ ಕಸರತ್ತು ಯಾಕೆ? ಇಂಗ್ಲಿಷ್ ಇದೆ, ಓದಿಕೊಳ್ಳಲಿ. ಅಲ್ಗಾರಿದಮ್‌ಗೆ ಕ್ರಮಾವಳಿ, ನಿಯಮಕ್ಕೆ ನಿಯಮಾವಳಿ. ಕ್ರಮಾವಳಿ ನಿಯಂತ್ರಣ ನಿಯಮಾವಳಿ! ನಾಲಿಗೆ ಹೊರಳುತ್ತಾ?

ದುರ್ಗಿಗುಡಿ ಡಿಟಿಪಿ

ಅಲ್ಗಾರಿದಮ್ ಅನ್ನು ಅಲ್ಗಾರಿದಮ್ ಅಂತಲೇ ಬರೆಯುತ್ತೇನೆ, ಅದಕ್ಕೆ ಜಗಳ ಇಲ್ಲ. ಹುಡುಗರೂ ಹಾಗೇ ಅನ್ನುತ್ತಾರೆ. "ಅಲ್ಗಾರಿದಮ್ ಇವತ್ತು ನನ್ ಮೇಲೆ ಸಿಟ್ಟಾಗಿದೆ" ಅಂತ. ಪದ ಬಂದಿದೆ, ಕೂತಿದೆ. ಆದರೆ ಇಂಗ್ಲಿಷ್ ಓದಿಕೊಳ್ಳಲಿ ಅನ್ನುವ ಮಾತು ಒಪ್ಪುವುದಿಲ್ಲ. ನಮ್ಮ ರಾಜ್ಯದ ಈ ಕಾನೂನಿನಲ್ಲೇ ಇದೆ. ನಿಗಾ ಇಡುವ, ತೀರ್ಮಾನ ಮಾಡುವ ಯಂತ್ರವ್ಯವಸ್ಥೆಯ ಬಗ್ಗೆ ಮಾಹಿತಿ ಕೇಳುವುದು ಹೇಗೆ ಅಂತ ಕೆಲಸಗಾರರಿಗೆ ಕನ್ನಡ, ಇಂಗ್ಲಿಷ್ ಅಥವಾ ಅವರಿಗೆ ಗೊತ್ತಿರುವ, ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಭಾಷೆಯಲ್ಲಿ, ಸರಳವಾಗಿ ತಿಳಿಸಬೇಕು ಅಂತ.

ಸಾಗರದ ಕರಿಕೋಟು

ಕೇಂದ್ರದ 2023ರ ಡೇಟಾ ಸಂರಕ್ಷಣೆ ಕಾಯಿದೆಯೂ ಅಷ್ಟೇ. ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೂ ಒಂದರಲ್ಲಿ ಓದುವ ಆಯ್ಕೆ ಕೊಡಬೇಕು. ಅದಕ್ಕೇ ಅನುವಾದದ ಚರ್ಚೆ ಹವ್ಯಾಸವಲ್ಲ. ಅನುವಾದ ಕೊಡುವುದೇ ಕಾನೂನು. ಆದರೆ ಅನುವಾದ ತಪ್ಪಿದ್ದರೆ? ಕಂಪನಿಗಳ ಷರತ್ತಿನಲ್ಲಿ ಸಾಮಾನ್ಯವಾಗಿ ಕೊನೆಗೊಂದು ಸಾಲು ಇರುತ್ತದೆ, ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ ಅಂತ. ಕನ್ನಡ ಓದಿ ಒಪ್ಪಿದವನು ಇಂಗ್ಲಿಷಿಗೆ ಸಿಕ್ಕಿಬೀಳುತ್ತಾನೆ.

ತಮಾಷೆ ಅಂದರೆ ಆ ಕಾಯಿದೆಯ ಇಂಗ್ಲಿಷಿನಲ್ಲಿ ಎಲ್ಲರಿಗೂ "ಅವಳು" ಅಂತಲೇ ಬಳಸಿದ್ದಾರೆ, ಗಂಡಸರಿಗೂ ಸೇರಿಸಿ. ನಮಗೆ ಆ ತೊಂದರೆ ಇಲ್ಲ. "ಅವರು" ಅಂದರೆ ಮುಗಿಯಿತು.

ಹೊಸನಗರ ಮಳೆ

ವಕೀಲರೇ, ಮುಗಿಯೋದಿಲ್ಲ. "ಅವರು" ಅಂದರೆ ಕಂಪನಿಯವರಾ, ಬಳಸೋರಾ?

ನಮ್ಮ ಸ್ವಸಹಾಯ ಸಂಘದಲ್ಲಿ ಮೊನ್ನೆ ನಡೆದಿದ್ದು ಹೇಳುತ್ತೇನೆ. ಒಂದು ಖರೀದಿ ಆ್ಯಪಿನಲ್ಲಿ ಕನ್ನಡದಲ್ಲೇ ಷರತ್ತು ಬಂತು. "ಆದ್ಯತೆಯ ಆಯ್ಕೆಯನ್ನು ಯಾವುದೇ ಸಮಯದಲ್ಲಿ ಬದಲಾಯಿಸಬಹುದು." ಯಾರು ಬದಲಾಯಿಸಬಹುದು? ನಾನು ಓದಿದ್ದು ನಾನು ಅಂತ. ಪಕ್ಕದವಳು ಓದಿದ್ದು ಕಂಪನಿ ಅಂತ. ಕನ್ನಡದಲ್ಲಿ ಕರ್ತೃ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಅಡುಗೆಮನೆಯಲ್ಲಿ "ಅನ್ನಕ್ಕೆ ಇಟ್ಟಾಯ್ತು" ಅಂದರೆ ಯಾರು ಇಟ್ಟರು ಅಂತ ಕೇಳೋದಿಲ್ಲ. ಷರತ್ತಿನಲ್ಲಿ ಕೇಳಲೇಬೇಕು.

ಅದರ ಕೆಳಗೆ ಒಂದು ಬಟನ್. "ವೈಯಕ್ತಿಕ ಸಲಹೆಗಳು ಬೇಡ ಎಂಬುದನ್ನು ನಿಷ್ಕ್ರಿಯಗೊಳಿಸಬೇಡಿ." ಎಂಟು ಹೆಂಗಸರು ಕೂತು ಓದಿದೆವು. ಒತ್ತಿದರೆ ಸಲಹೆ ಬರುತ್ತಾ, ನಿಲ್ಲುತ್ತಾ? ನಾಲ್ಕು ಜನ ಬರುತ್ತೆ ಅಂದರು, ಮೂರು ಜನ ನಿಲ್ಲುತ್ತೆ ಅಂದರು, ಒಬ್ಬಳು ಎದ್ದು ಕಾಫಿ ಮಾಡಲು ಹೋದಳು.

ತುಂಗೆಯಿಂದ ಡಬ್ಲಿನ್

ಅಕ್ಕಾ, ಬೇಕಂತಲೇ ಹಾಗೆ ಬರೆದರೆ ಭಾರತದಲ್ಲೇ ಅದಕ್ಕೆ ಹೆಸರಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ "ಡಾರ್ಕ್ ಪ್ಯಾಟರ್ನ್", ಅಂದರೆ ಗ್ರಾಹಕರ ದಾರಿ ತಪ್ಪಿಸುವ ವಿನ್ಯಾಸಗಳ, ಪಟ್ಟಿ ಮಾಡಿದೆ. ಗೊಂದಲದ ಮಾತಿನಲ್ಲಿ ಕೇಳಿ ದಾರಿ ತಪ್ಪಿಸುವ ಪ್ರಶ್ನೆಯೂ ಅದರಲ್ಲಿ ಒಂದು. ಮೂಲ ಇಂಗ್ಲಿಷ್ ನೆಟ್ಟಗಿದ್ದು, ಅನುವಾದದಲ್ಲಿ ಸೊಟ್ಟಗಾದರೆ ಯಾರನ್ನು ಹಿಡಿಯಬೇಕು? ಇದು ಒಳ್ಳೆ ಪ್ರಶ್ನೆ.

ಆ ಪಟ್ಟಿಯ ಕನ್ನಡವೂ ಒಂದು ಕಥೆ. ಯಾರೋ "ಕಪ್ಪು ಮಾದರಿಗಳು" ಅಂತ ಬರೆದಿದ್ದು ನೋಡಿದೆ. ಸೀರೆ ಅಂಗಡಿ ನೆನಪಾಯಿತು. ಗೊತ್ತಾಗದಂತೆ ನಮ್ಮ ಬುಟ್ಟಿಗೆ ಸಾಮಾನು ಸೇರಿಸುವುದಕ್ಕೆ "ಬುಟ್ಟಿ ನುಸುಳುವಿಕೆ". ಬುಟ್ಟಿಯೊಳಗೆ ಹಾವು ಹೊಕ್ಕ ಹಾಗೆ. ಮೋಸದ ವಿನ್ಯಾಸ, ಕದ್ದು ಸೇರಿಸುವುದು ಅಂದರೆ ಆಗುತ್ತಿರಲಿಲ್ವಾ?

ನವುಲೆ ಹಾಸ್ಟೆಲ್

ಚೀನಾದ ಕಾನೂನನ್ನೂ ನೋಡಿದೆ ಅಣ್ಣ, ಪ್ರಾಜೆಕ್ಟಿಗೆ. ಅಲ್ಗಾರಿದಮ್ ಶಿಫಾರಸಿನ ಬಗ್ಗೆಯೇ ಬೇರೆ ನಿಯಮ, 2022ರ ಮಾರ್ಚ್ 1ರಿಂದ. ಇಂಗ್ಲಿಷ್ ಅನುವಾದದಲ್ಲಿ ಕಂಪನಿಗಳು "ಪಾಸಿಟಿವ್ ಎನರ್ಜಿ" ಹರಡಬೇಕು ಅಂತ ಇತ್ತು. ನಾನು ಯೋಗ, ಧ್ಯಾನ ಅಂತ ತಿಳಿದುಕೊಂಡು ಸ್ಲೈಡ್ ಮಾಡಿದೆ. ಅಲ್ಲಿ ಅದು ಸರ್ಕಾರಕ್ಕೆ ಒಪ್ಪುವ ಒಳ್ಳೆಯ ಮಾತು ಅನ್ನುವ ರಾಜಕೀಯ ಪದವಂತೆ. ಮೇಡಂ ಕ್ಲಾಸಿನಲ್ಲೇ ನಕ್ಕರು.

ಮತ್ತೆ ಏನು ತೋರಿಸಬೇಕು ಅಂತ ಆರಿಸುವ ರೆಕಮೆಂಡರ್ ಸಿಸ್ಟಮ್‌ಗೆ ಶಿಫಾರಸು ವ್ಯವಸ್ಥೆ ಅಂತ ಬರೆದರೆ ಅಪ್ಪ ಕೇಳಿದರು, "ಯಾವ ಎಮ್ಮೆಲ್ಲೆದು?" ಅಂತ.

ಗೊರಬಲು

ನಿಮ್ಮಪ್ಪ ಹೇಳಿದ್ದರಲ್ಲಿ ತಪ್ಪೇನಿದೆ. ಯಾರೋ ಒಳಗಿನವರು ನಿನ್ನ ಹೆಸರು ಮುಂದೆ ತಳ್ಳಿದರೆ ಅದು ಶಿಫಾರಸೇ.

ಹಳೇ ಟೈಪಿಸ್ಟ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಕಚೇರಿಯಲ್ಲಿ 34 ವರ್ಷ ಕನ್ನಡ ಟೈಪು ಮಾಡಿ ನಿವೃತ್ತಳಾದವಳು. ಈಗ ಭದ್ರಾವತಿಯಲ್ಲಿದ್ದೇನೆ. ನಿಮ್ಮ ಚರ್ಚೆ ಮಗಳು ತೋರಿಸಿದಳು.

ಎಲ್ಲರೂ ಪದದ ಬಗ್ಗೆ ಮಾತಾಡುತ್ತಿದ್ದೀರಿ. ಒಳ್ಳೆಯದೇ. ಆದರೆ ಡಿಟಿಪಿಯವರು ಮಾಡಿದ ತಪ್ಪು ಪದದ್ದಲ್ಲ. ತಾಳೆ ನೋಡದೆ ಇದ್ದದ್ದು.

ನಮ್ಮ ಕಾಲದಲ್ಲಿ ಒಬ್ಬರು ಟೈಪು ಮಾಡಿದ ಕಾಗದ ಸೀದಾ ಸಹಿಗೆ ಹೋಗುತ್ತಿರಲಿಲ್ಲ. ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿಯ ಮೇಲೆ ಸ್ಕೇಲ್ ಇಟ್ಟು ಸಾಲು ಸಾಲಾಗಿ ಇಳಿಸಬೇಕು. ಕಾಮಾ ಬಂದರೆ "ಕಾಮಾ" ಅಂತ ಬಾಯಲ್ಲಿ ಹೇಳಬೇಕು. "ಮತ್ತು" ಬಂದರೆ ಒತ್ತಿ ಹೇಳಬೇಕು, "ಅಥವಾ" ಬಂದರೆ ಇನ್ನೂ ಒತ್ತಿ ಹೇಳಬೇಕು. ಮುಗಿದ ಮೇಲೆ ಮೂಲೆಯಲ್ಲಿ "ತಾಳೆ ನೋಡಿದೆ" ಅಂತ ಬರೆದು ಇಬ್ಬರೂ ಚಿಕ್ಕ ಸಹಿ ಹಾಕಬೇಕು. ತಪ್ಪು ಸಿಕ್ಕರೆ ಇಬ್ಬರಿಗೂ ಬೈಗುಳ. ಈಗ ಫೋನು ಅನುವಾದ ಮಾಡುತ್ತದೆ, ಒಬ್ಬರೇ ನೋಡುತ್ತಾರೆ, ಅದೂ ಕನ್ನಡವನ್ನು ಮಾತ್ರ. ಕನ್ನಡ ಚೆನ್ನಾಗಿದ್ದರೆ ಸರಿ ಇದೆ ಅಂದುಕೊಳ್ಳುತ್ತಾರೆ. ಕೆಟ್ಟ ಕನ್ನಡವಾದರೆ ಯಾರಾದರೂ ನಿಂತು ಕೇಳುತ್ತಾರೆ. ನುಣುಪಾದ ತಪ್ಪನ್ನು ಯಾರೂ ಕೇಳುವುದಿಲ್ಲ.

ತುಂಗೆಯಿಂದ ಡಬ್ಲಿನ್

ಅಮ್ಮಾ, ನೀವು ಹೇಳಿದ "ಮತ್ತು", "ಅಥವಾ"ಗೆ ಸರಿಯಾದ ಉದಾಹರಣೆ ಇದೆ. ಯುರೋಪಿನ ಡೇಟಾ ಕಾನೂನು ಜಿಡಿಪಿಆರ್ 2018ರ ಮೇ 25ಕ್ಕೆ ಜಾರಿಗೆ ಬರಬೇಕಿತ್ತು. ಎರಡೇ ದಿನ ಮೊದಲು, ಮೇ 23ಕ್ಕೆ, ಉದ್ದನೆಯ ತಿದ್ದೋಲೆ ಬಂತು. 37ನೇ ವಿಧಿಯಲ್ಲಿ ಒಂದು ಕಡೆ "ಮತ್ತು" ಇದ್ದದ್ದನ್ನು "ಅಥವಾ" ಮಾಡಿದರು. ಸೂಕ್ಷ್ಮ ಮಾಹಿತಿ ಮತ್ತು ಅಪರಾಧದ ಮಾಹಿತಿ, ಎರಡನ್ನೂ ದೊಡ್ಡ ಮಟ್ಟದಲ್ಲಿ ಇಟ್ಟುಕೊಂಡವರು ಮಾತ್ರ ಡೇಟಾ ಅಧಿಕಾರಿಯನ್ನು ನೇಮಿಸಬೇಕು ಅನ್ನುವ ಹಾಗೆ ಓದಿಸುತ್ತಿತ್ತು. ಈಗ ಎರಡರಲ್ಲಿ ಒಂದಿದ್ದರೂ ನೇಮಿಸಬೇಕು.

ಭಾಷೆ ಭಾಷೆ ನಡುವಿನ ಜಗಳಕ್ಕೆ ಇನ್ನೂ ಹಳೆಯದು ಹೇಳುತ್ತೇನೆ. ಅಲ್ಗಾರಿದಮ್ ಅಲ್ಲ, ಬೆಣ್ಣೆ. 1969. ಮಿಕ್ಕಿದ ಬೆಣ್ಣೆಯನ್ನು ಬಡವರಿಗೆ ಕಡಿಮೆ ಬೆಲೆಗೆ ಕೊಡುವ ಯೋಜನೆ. ಜರ್ಮನ್ ಪಠ್ಯದಲ್ಲಿ ಕೂಪನ್ ಮೇಲೆ ಹೆಸರು ಇರಬೇಕು ಅನ್ನುವ ಅರ್ಥ. ಫ್ರೆಂಚ್, ಇಟಾಲಿಯನ್ ಪಠ್ಯದಲ್ಲಿ ಆ ವ್ಯಕ್ತಿಗೇ ಕೊಟ್ಟಿದ್ದು ಅಂತ ಗುರುತಾದರೆ ಸಾಕು, ಹೆಸರೇ ಬೇಕು ಅಂತಿಲ್ಲ. ಉಲ್ಮ್ ಊರಿನ ಒಬ್ಬರು, ಅಂಗಡಿಯಲ್ಲಿ ಹೆಸರು ತೋರಿಸಿ ಬೆಣ್ಣೆ ತೆಗೆದುಕೊಳ್ಳುವುದು ಅವಮಾನ ಅಂತ ಕೋರ್ಟಿಗೆ ಹೋದರು. ಯುರೋಪಿನ ಕೋರ್ಟು ಎಲ್ಲ ಭಾಷೆಯ ಪಠ್ಯ ಪಕ್ಕಪಕ್ಕ ಇಟ್ಟು ನೋಡಿತು. ಉದ್ದೇಶ ಈಡೇರುವುದಾದರೆ ಜನಕ್ಕೆ ಕಡಿಮೆ ಭಾರವಾಗುವ ಅರ್ಥವನ್ನೇ ಹಿಡಿಯಬೇಕು ಅಂದಿತು.

ಹಳೇ ಟೈಪಿಸ್ಟ್

ತಾಳೆ ನೋಡಿದರು ಅನ್ನಿ.

ಹೆಸರು ಬೇಡ

ಸರಿ, ಒಪ್ಪಿದೆ. ಆದರೆ ಯಂತ್ರದ ಅನುವಾದವನ್ನೇ ನಂಬಬೇಡಿ ಅಂತ ಮೊದಲು ಬರೆಯಿರಿ. 2025ರ ಜುಲೈನಲ್ಲಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿಗಳ ಕನ್ನಡ ಪೋಸ್ಟನ್ನು ಮೆಟಾದ ಅನುವಾದ ಮುಖ್ಯಮಂತ್ರಿಯೇ ತೀರಿಕೊಂಡ ಹಾಗೆ ಮಾಡಿತ್ತು. ಕಂಪನಿ ಕ್ಷಮೆ ಕೇಳಿತು. ಶ್ರದ್ಧಾಂಜಲಿಯನ್ನೇ ಸರಿಯಾಗಿ ಮಾಡದ ಯಂತ್ರ ಕಾನೂನು ಮಾಡುತ್ತಾ?

ದುರ್ಗಿಗುಡಿ ಡಿಟಿಪಿ

ನನ್ನ ಕೇಸಿನಲ್ಲಿ ಯಂತ್ರ ಸರಿ ಇತ್ತು, ಕೆಡಿಸಿದ್ದು ನಾನು. ಅದನ್ನೂ ಮರೆಯಬಾರದು.

ಹೊಸ ಕರಡು ಹಾಕುತ್ತಿದ್ದೇನೆ. ಒಂದು ವಾಕ್ಯಕ್ಕೆ ಒಂದೇ ಬಾಲ. ಪ್ರತಿ ವಾಕ್ಯದ ಮುಂದೆ ಯಾರು ಅಂತ.

"ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸ್ ಕೊಡಲೇಬೇಕು.
ಕಂಪನಿ ಸರಿಯಾದ ಕಾರಣವನ್ನು ಲಿಖಿತದಲ್ಲಿ ಕೊಡಲೇಬೇಕು.
ನಿಮ್ಮ ಆರ್ಡರ್, ರೇಟಿಂಗ್, ದುಡಿಮೆಯ ಮೇಲೆ ಪರಿಣಾಮ ಮಾಡುವ ಅಲ್ಗಾರಿದಮ್ ಬಗ್ಗೆ ಮಾಹಿತಿ ಕೇಳುವ ಹಕ್ಕು ನಿಮಗಿದೆ.
ಹೇಗೆ ಕೇಳಬೇಕು ಅಂತ ಕಂಪನಿ ನಿಮಗೆ ಗೊತ್ತಿರುವ ಭಾಷೆಯಲ್ಲಿ ತಿಳಿಸಲೇಬೇಕು."

ಮಾನಿಟರಿಂಗ್ ಅನ್ನುವುದಕ್ಕೆ ಇದ್ದ "ಮೇಲ್ವಿಚಾರಣೆ" ಪದ ತೆಗೆದು ಹಾಕಿದೆ. ಮೇಲ್ವಿಚಾರಣೆ ಅಂದರೆ ಯಾರೋ ಮೇಸ್ತ್ರಿ ನಿಂತು ನೋಡಿಕೊಳ್ಳುತ್ತಾರೆ ಅನ್ನಿಸುತ್ತದೆ. ಇಲ್ಲಿ ಯಾರೂ ನಿಂತಿಲ್ಲ.

ಸಾಗರದ ಕರಿಕೋಟು

ಚೆನ್ನಾಗಿದೆ. ಎರಡು ಮಾತು. ಐಡಿ ಬ್ಲಾಕ್ ಮಾಡಿದ್ದು ಕೆಲಸದಿಂದ ತೆಗೆದ ಹಾಗಲ್ಲ, ಬರೀ ತಡೆ ಹಿಡಿದಿದ್ದೇವೆ ಅಂತ ಅವರು ವಾದ ಮಾಡಬಹುದು. ಇದು ಮಳೆಯ ಬಹುದು. ಹಾಗಾಗಿ ಹುಡುಗ ಅರ್ಜಿ ಬರೆಯುವಾಗ "ಇಂಥ ದಿನದಿಂದ ಐಡಿ ಬ್ಲಾಕ್ ಆಗಿದೆ, ಒಂದೂ ಆರ್ಡರ್ ಬಂದಿಲ್ಲ" ಅಂತ ನಡೆದದ್ದನ್ನೇ ಬರೆಯಲಿ. ಪದ ಅವನು ಆರಿಸುವುದು ಬೇಡ. ಎರಡನೆಯದು, ಕೆಳಗೆ ಸಣ್ಣದಾಗಿ "ಇದು ತಿಳಿವಳಿಕೆಗಾಗಿ, ರಾಜ್ಯಪತ್ರದ ಪಠ್ಯವೇ ಅಂತಿಮ" ಅಂತ ಹಾಕಿ. ಪರಂತುಗಳನ್ನು, ಅಂದರೆ "ಇಂಥ ಸಂದರ್ಭ ಬಿಟ್ಟು" ಅನ್ನುವ ವಿನಾಯಿತಿಗಳನ್ನು, ಅಲ್ಲೇ ನೋಡಿಕೊಳ್ಳಬೇಕು.

ಹೊಸನಗರ ಮಳೆ

ಸಣ್ಣದಾಗಿ ಯಾಕೆ? ದೊಡ್ಡದಾಗೇ ಹಾಕಿ. ಸಣ್ಣಕ್ಷರದಲ್ಲಿ ಹಾಕೋದು ಅವರ ಬುದ್ಧಿ.

ಹಳೇ ಟೈಪಿಸ್ಟ್

ಎರಡನೇ ಸಾಲು ನೋಡಿ. "ಲಿಖಿತದಲ್ಲಿ" ಅಲ್ಲ. "ಬರಹದಲ್ಲಿ" ಅನ್ನಿ, ಇಲ್ಲವೇ "ಬರೆದು" ಅನ್ನಿ. ಮತ್ತೆ ಒಂದನೇ ಸಾಲು, ಎರಡನೇ ಸಾಲು ಬೇರೆ ಬೇರೆ ಮಾಡಿದ್ದರಿಂದ ಕಾರಣ ಯಾವಾಗ ಕೊಡಬೇಕು ಅನ್ನುವುದು ಬಿಟ್ಟುಹೋಗಿದೆ. ತೆಗೆದ ಮೇಲೆ ಕೊಟ್ಟರೂ ನಡೆಯುತ್ತದೆ ಅಂತ ಓದಬಹುದು. "ಆ ನೋಟಿಸಿನಲ್ಲೇ" ಅಂತ ಸೇರಿಸಿ.

ದುರ್ಗಿಗುಡಿ ಡಿಟಿಪಿ

ಅಮ್ಮಾ, ಮೂರು ಸಲ ಓದಿದ್ದೆ, ಕಣ್ಣಿಗೇ ಬೀಳಲಿಲ್ಲ. ಅಚ್ಚಿಗೆ ಹಾಕಿರಲಿಲ್ಲ, ಬಚಾವ್. "ಕಂಪನಿ ಆ ನೋಟಿಸಿನಲ್ಲೇ ಸರಿಯಾದ ಕಾರಣವನ್ನು ಬರೆದು ಕೊಡಲೇಬೇಕು" ಅಂತ ಮಾಡಿದೆ.

ಈಗ ಸಂಜೆ ಆರೂವರೆ, ಮಳೆ ಹೊಡೀತಿದೆ. ಆ ಹುಡುಗನನ್ನೇ ಕೂರಿಸಿಕೊಂಡಿದ್ದೇನೆ. ನಾನು ಇಂಗ್ಲಿಷ್ ಒಂದೊಂದೇ ಸಾಲು ಓದಿ ಅರ್ಥ ಹೇಳುತ್ತೇನೆ, ಅವನು ಕನ್ನಡದ ಮೇಲೆ ಸ್ಕೇಲ್ ಇಳಿಸುತ್ತಿದ್ದಾನೆ. ಕಾಮಾ ಬಂದಾಗ "ಕಾಮಾ" ಅನ್ನುತ್ತಾನೆ. ಮೂರನೇ ಸಾಲಿನಲ್ಲಿ ನಿಲ್ಲಿಸಿ ಕೇಳಿದ: "ಅಣ್ಣಾ, ಹಕ್ಕು ನಿಮಗಿದೆ ಅಂತ ಹಾಕಿದೀರ. ಕೇಳಿದ್ರೆ ಅವ್ರು ಕೊಡ್ಲೇಬೇಕಾ ಅಂತ ಹಾಕಿಲ್ವಲ್ಲ?"

ವಕೀಲರೇ, ಆನ್‌ಲೈನ್ ಇದ್ದೀರಾ?